ಎದೆಯ ವಿದ್ಯುತ್ತನ್ನು ಪರದೆಯ ಮೇಲೆ ನೋಡುವುದು ಹೇಗೆ?

ವಿಜ್ಞಾನ ಪ್ರದರ್ಶನಗಳಲ್ಲಿ ‘ಹೃದಯದ ವಿದ್ಯುತ್’ ತೋರಿಸುವ ಮಾದರಿ ಈಗ ಸಾಮಾನ್ಯವಾಗಿದೆ. ವಿದ್ಯಾರ್ಥಿಯೊಬ್ಬನ ಎದೆಗೆ ಮೂರು ವೈರು ಅಂಟಿಸಿರುತ್ತಾರೆ, ಲ್ಯಾಪ್‌ಟಾಪ್ ಪರದೆಯಲ್ಲಿ ಗೆರೆಯೊಂದು ಕುಣಿಯುತ್ತಿರುತ್ತದೆ. ಎಷ್ಟೋ ಕಡೆ ಆ ಕುಣಿತ ಗೋಡೆಯೊಳಗಿನ ವೈರಿಂಗ್‌ನದು: ಸೆಕೆಂಡಿಗೆ 50 ಸಲ ಏರಿಳಿಯುವ ಮನೆ ಕರೆಂಟು ಮೈಯನ್ನೇ ಆಂಟೆನಾ ಮಾಡಿಕೊಂಡು ಒಳಗೆ ನುಗ್ಗಿರುತ್ತದೆ. ಹೃದಯದ್ದೇ ಗೆರೆ ಬೇಕೆಂದರೆ ದುಬಾರಿ ಬೋರ್ಡು ಕೊಂಡು ಪ್ರಯೋಜನವಿಲ್ಲ. ಕೆಲಸ ಕೆಡುವುದು ಚರ್ಮಕ್ಕೆ ಎಲೆಕ್ಟ್ರೋಡ್, ಅಂದರೆ ವೈರಿನ ತುದಿಯ ಅಂಟುಬಿಲ್ಲೆ, ಕೂರುವ ಜಾಗದಲ್ಲಿ.

ನಾವು ಹಿಡಿಯಹೊರಟಿರುವುದು ಏನನ್ನು

ಜೀವಕೋಶದ ಪೊರೆಯಲ್ಲಿ ಕುಳಿತ ಪಂಪುಗಳು ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತಲೇ ಇರುತ್ತವೆ. ಉಂಡ ಅನ್ನದ ಶಕ್ತಿಯ ಒಂದು ಪಾಲು ಇದಕ್ಕೇ ಖರ್ಚು. ಒಳಗೆ ತುಂಬಿಕೊಂಡ ಪೊಟ್ಯಾಸಿಯಂ ಸ್ವಲ್ಪಸ್ವಲ್ಪವಾಗಿ ಹೊರಗೆ ಸೋರುವುದರಿಂದ ಕೋಶದ ಒಳಭಾಗ ಋಣವಾಗುತ್ತದೆ. ಹೃದಯದ ಸ್ನಾಯುಕೋಶದಲ್ಲಿ ಈ ವ್ಯತ್ಯಾಸ ಸುಮಾರು 90 ಮಿಲಿವೋಲ್ಟ್. ಬಲ ಹೃತ್ಕರ್ಣದ ಮೇಲ್ಭಾಗದ ಪುಟ್ಟ ಗಂಟಿನಿಂದ ಹೊರಟ ಪ್ರಚೋದನೆ ತಗುಲಿದೊಡನೆ ಸೋಡಿಯಂ ಬಾಗಿಲುಗಳು ತೆರೆದು ಒಳಗು ಕ್ಷಣಕಾಲ ಧನವಾಗುತ್ತದೆ. ಈ ಬದಲಾವಣೆ ಕೋಶದಿಂದ ಕೋಶಕ್ಕೆ ಹರಡುವಾಗ ಎದೆಯ ಚರ್ಮದ ಮೇಲೆ ಉಳಿಯುವುದು ಒಂದು ಮಿಲಿವೋಲ್ಟ್‌ನಷ್ಟು ಮಾತ್ರ. ಬೆರಳು ತಾಗಿಸಿ ಬಲ್ಬು ಹೊತ್ತಿಸುವ ವಿಡಿಯೊಗಳನ್ನು ನಂಬಬೇಡಿ. ಒಂದು ಮಿಲಿವೋಲ್ಟ್‌ಗೆ ಯಾವ ಎಲ್‌ಇಡಿಯೂ ಹೊತ್ತದು.

ಬೇಕಾದ ಸಾಮಾನು

ಎಡಿ8232 ಚಿಪ್ ಇರುವ ಇಸಿಜಿ (ಹೃದಯದ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ) ಬೋರ್ಡ್, ಅದರ ಮೂರು ಎಳೆಯ ಕೇಬಲ್, ಒಂದು ಆರ್ಡುಯಿನೊ ಊನೊ (ಪ್ರೋಗ್ರಾಂ ತುಂಬಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡ್), ಜಂಪರ್ ವೈರುಗಳು, ಒಂದು ಮಲ್ಟಿಮೀಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ. ಬೋರ್ಡಿನ ಜೊತೆ ಬರುವ ಎಲೆಕ್ಟ್ರೋಡ್‌ಗಳನ್ನು ಮಾತ್ರ ನೆಚ್ಚಬೇಡಿ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಬಿದ್ದು ಜೆಲ್ ಒಣಗಿರುತ್ತದೆ. ಸರ್ಜಿಕಲ್ ಅಂಗಡಿಗೆ ಹೋಗಿ ಬೆಳ್ಳಿ–ಸಿಲ್ವರ್ ಕ್ಲೋರೈಡ್ ಲೇಪನದ ಇಸಿಜಿ ಎಲೆಕ್ಟ್ರೋಡ್ ಕೇಳಿ, ಪ್ಯಾಕೆಟ್ಟಿನ ಮೇಲಿನ ತಾರೀಕು ನೋಡಿ ಕೊಳ್ಳಿ. ತೆರೆದ ಮೇಲೆ ಬಾಯಿ ಮಡಚಿ ಜಿಪ್ ಕವರಿನಲ್ಲಿಡಿ. ಬೆರಳಿಟ್ಟಾಗ ಜೆಲ್ ತಣ್ಣಗೆ, ಒದ್ದೆಯಾಗಿ ಹತ್ತದಿದ್ದರೆ ಆ ಎಲೆಕ್ಟ್ರೋಡನ್ನು ಎಸೆದುಬಿಡಿ.

ಮೊದಲು ಸುರಕ್ಷತೆ

ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಬೇಕು. ಚಾರ್ಜರ್, ಪ್ರೊಜೆಕ್ಟರ್, ಪ್ರಿಂಟರ್ ಯಾವುದೂ ಸಿಕ್ಕಿಸಿರಬಾರದು. ಡೆಸ್ಕ್‌ಟಾಪ್ ಬಳಸಲೇಬೇಡಿ. ಎದೆಗೆ ವೈರು ಅಂಟಿಸಿಕೊಂಡವರಿಗೂ ಗೋಡೆಯ ಪ್ಲಗ್ಗಿಗೂ ನಡುವೆ ಯಾವ ದಾರಿಯೂ ಇರಕೂಡದು. ಕಳಪೆ ಚಾರ್ಜರ್ ಒಳಗೇ ಸುಟ್ಟರೆ 230 ವೋಲ್ಟ್ ನೇರ ಮೈಗೆ ಬರುತ್ತದೆ. ಪೇಸ್‌ಮೇಕರ್ ಇರುವವರು ಈ ಪ್ರಯೋಗಕ್ಕೆ ಕೂರಬಾರದು.

ಜೋಡಣೆ

ಬೋರ್ಡಿನ ಜಿಎನ್‌ಡಿ (ಗ್ರೌಂಡ್) ಊನೊದ ಜಿಎನ್‌ಡಿಗೆ, 3.3ವಿ ಪಿನ್ 3.3ವಿಗೆ, ಔಟ್‌ಪುಟ್ ವೋಲ್ಟೇಜು ಓದುವ ಎ0 ಪಿನ್ನಿಗೆ, ಎಲ್‌ಒ ಪ್ಲಸ್ 10ಕ್ಕೆ, ಎಲ್‌ಒ ಮೈನಸ್ 11ಕ್ಕೆ (ಎಲ್‌ಒ ಪಿನ್ನುಗಳು ಎಲೆಕ್ಟ್ರೋಡ್ ಕಳಚಿದರೆ ತಿಳಿಸುತ್ತವೆ). 5 ವೋಲ್ಟ್ ಕೊಡಬೇಡಿ. ಈ ಚಿಪ್ಪಿಗೆ ಹೇಳಿರುವ ಮಿತಿ 3.5 ವೋಲ್ಟ್.

ಕೇಬಲ್ಲಿನ ಬಣ್ಣ ನೋಡಿ ಎಡಬಲ ನಿರ್ಧರಿಸುವುದೂ ತಪ್ಪು. ತಯಾರಕರಿಗೊಂದು ಬಣ್ಣ. ಮಲ್ಟಿಮೀಟರನ್ನು ಬೀಪ್ ಸದ್ದಿಗೆ ತಿರುಗಿಸಿ, ಕೇಬಲ್ ತುದಿಯ ಒಂದೊಂದು ಗುಂಡಿಯೂ ಬೋರ್ಡಿನ ಮೇಲಿನ ಆರ್‌ಎ (ಬಲಗೈ), ಎಲ್‌ಎ (ಎಡಗೈ), ಆರ್‌ಎಲ್ (ಬಲಗಾಲು) ಎಂಬ ಗುರುತಿನ ತೂತುಗಳಲ್ಲಿ ಯಾವುದಕ್ಕೆ ಸೇರಿದೆ ಎಂದು ಪರೀಕ್ಷಿಸಿ, ಗುಂಡಿಗೆ ಚೀಟಿ ಅಂಟಿಸಿ.

ಚರ್ಮ

ಚರ್ಮದ ಮೇಲ್ಪದರ ಸತ್ತ ಕೋಶಗಳ ಒಣ ಹೊದಿಕೆ, ವಿದ್ಯುತ್ತಿಗೆ ದೊಡ್ಡ ಅಡ್ಡಿ. ಅಡ್ಡಿ ಮೂರೂ ಕಡೆ ಕಡಿಮೆಯಿದ್ದು ಹೆಚ್ಚುಕಡಿಮೆ ಸಮವಾಗಿದ್ದರೆ, ಎಡಬಲ ಎರಡಕ್ಕೂ ಒಂದೇ ಸಮ ಬರುವ ಮನೆ ಕರೆಂಟನ್ನು ಚಿಪ್ ಕಳೆದುಹಾಕುತ್ತದೆ. ಒಂದು ಕಡೆ ಚೆನ್ನಾಗಿ ಕೂತು ಇನ್ನೊಂದು ಕಡೆ ಒಣಗಿದ್ದರೆ ಕಳೆಯಲಾಗದೆ ಉಳಿದದ್ದೆಲ್ಲ ಪರದೆಗೆ ಬರುತ್ತದೆ. ಇಸಿಜಿ ಯಂತ್ರಕ್ಕಾಗಿ 1924ರಲ್ಲಿ ನೊಬೆಲ್ ಪಡೆದ ಐಂಥೋವನ್ ಕೂಡ ರೋಗಿಗಳ ಕೈಕಾಲುಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇರಿಸುತ್ತಿದ್ದುದು ಈ ಅಡ್ಡಿಯನ್ನು ಇಳಿಸುವುದಕ್ಕೇ.

ಬಲ ಕೊರಳೆಲುಬಿನ ಕೆಳಗೆ ಆರ್‌ಎ, ಎಡ ಕೊರಳೆಲುಬಿನ ಕೆಳಗೆ ಎಲ್‌ಎ, ಬಲ ಪಕ್ಕೆಲುಬುಗಳು ಮುಗಿಯುವಲ್ಲಿ ಆರ್‌ಎಲ್. ಆದಷ್ಟು ಎಲುಬಿಗೆ ಹತ್ತಿರ ಅಂಟಿಸಿ. ದಪ್ಪ ಎದೆಸ್ನಾಯುವಿನ ಮೇಲೆ ಕೂತರೆ ಆ ಸ್ನಾಯುವಿನ ವಿದ್ಯುತ್ತೂ ಬೆರೆಯುತ್ತದೆ. ಮಣಿಕಟ್ಟಿಗೆ ಅಂಟಿಸುವುದು ಸುಲಭವೆನಿಸಿದರೂ ಬೆರಳು ಅಲುಗಿದರೆ ಸಾಕು, ಗೆರೆ ಕೆಡುತ್ತದೆ.

ಕೂದಲಿದ್ದರೆ ಬೋಳಿಸಿ. ಸೋಪು ನೀರಿನಿಂದ ತೊಳೆಯಿರಿ. ತೆಂಗಿನೆಣ್ಣೆ, ಪೌಡರ್, ಲೋಷನ್ ಲವಲೇಶವೂ ಉಳಿಯಬಾರದು. ಸ್ಪಿರಿಟ್ ಒರೆಸಿ ಬಿಟ್ಟರೆ ಸಾಲದು, ಅದು ಜಿಡ್ಡು ತೆಗೆದರೂ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಒರಟು ಟವೆಲಿನ ತುದಿಯಿಂದ ಐದಾರು ಸಲ ಉಜ್ಜಿ. ಚರ್ಮ ತಿಳಿಗೆಂಪಾದರೆ ಸಾಕು, ಗೀರಬಾರದು, ಉರಿಯಬಾರದು. ಗುಂಡಿಯನ್ನು ಎಲೆಕ್ಟ್ರೋಡಿಗೆ ಮೊದಲೇ ಸಿಕ್ಕಿಸಿ ಆಮೇಲೆ ಮೈಗೆ ಅಂಟಿಸಿ. ಮೈಮೇಲಿಟ್ಟು ಒತ್ತಿ ಸಿಕ್ಕಿಸಿದರೆ ಜೆಲ್ ಪಕ್ಕಕ್ಕೆ ಹಿಂಡಿಹೋಗುತ್ತದೆ. ಅಂಟಿಸುವಾಗ ಅಂಚನ್ನು ಸುತ್ತಲೂ ಒತ್ತಿ, ನಡುವೆ ಒತ್ತಬೇಡಿ. ಜೆಲ್ ಇಳಿಯಲು ಎರಡು ಮೂರು ನಿಮಿಷ ಬಿಡಿ. ಅಂಟಿಸಿದ ಗಳಿಗೆಯಲ್ಲೇ ಗೆರೆ ಅತ್ತಿತ್ತ ಓಲಾಡುವುದನ್ನು ಕಂಡು ಬೋರ್ಡ್ ಕೆಟ್ಟಿದೆಯೆಂದು ಹಿಂತಿರುಗಿಸುವವರೇ ಬಹಳ.

ಒಮ್ಮೆ ಕಿತ್ತ ಎಲೆಕ್ಟ್ರೋಡನ್ನು ಇನ್ನೊಬ್ಬರಿಗೆ ಅಂಟಿಸಬೇಡಿ. ಶುಚಿತ್ವ ಹಾಗಿರಲಿ, ಜೆಲ್ಲಿಗೆ ಸತ್ತ ಚರ್ಮ ಮೆತ್ತಿಕೊಂಡಿರುತ್ತದೆ.

ಪ್ರೋಗ್ರಾಂ

ಸೆಕೆಂಡಿಗೆ 250 ಸಲ ಎ0 ಓದಿ, ಅಂದರೆ 4 ಮಿಲಿಸೆಕೆಂಡಿಗೊಮ್ಮೆ. ಊನೊದಿಂದ ಲ್ಯಾಪ್‌ಟಾಪಿಗೆ ಸಂಖ್ಯೆ ಸಾಗುವ ಸೀರಿಯಲ್ ವೇಗವನ್ನು 9600ಕ್ಕೇ ಬಿಟ್ಟರೆ ಮೂರಂಕಿಯ ಸಂಖ್ಯೆಗಳು ಸೆಕೆಂಡಿಗೆ 192 ಮಾತ್ರ ದಾಟುತ್ತವೆ. 115200 ಇಡಿ. ಸಮಯ ಎಣಿಸಲು ಡಿಲೇ ಆಜ್ಞೆಯ ಬದಲು ಮೈಕ್ರೋಸ್ ಆಜ್ಞೆ ಬಳಸಿ. ಕೊನೆಯ ಐದು ಓದುಗಳ ಸರಾಸರಿ ತೆಗೆದು ಮುದ್ರಿಸಿದರೆ ಅದು ಸರಿಯಾಗಿ 20 ಮಿಲಿಸೆಕೆಂಡು, ಅಂದರೆ ಮನೆ ಕರೆಂಟಿನ ಒಂದು ಪೂರ್ತಿ ಸುತ್ತು. ಅಳಿದುಳಿದ ಗುಂಯ್‌ಗುಡುವಿಕೆ ಅಲ್ಲೇ ರದ್ದಾಗುತ್ತದೆ. ಅಮೆರಿಕದವರ ಕೋಡ್ ನಕಲು ಮಾಡಿದರೆ ಅದರಲ್ಲಿ ಅಲ್ಲಿನ ಕರೆಂಟಿಗೆ ಹೊಂದುವ 60 ಹರ್ಟ್ಸ್ (ಸೆಕೆಂಡಿಗೆ 60 ಸಲ) ಫಿಲ್ಟರ್ ಇರಬಹುದು, ನಮ್ಮ 50ಕ್ಕೆ ಅದು ನಾಟುವುದಿಲ್ಲ. ಗೆರೆ ನೋಡಲು ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ಆರ್ಡುಯಿನೊ ಐಡಿಇಯ 1.8 ಆವೃತ್ತಿಯೇ ವಾಸಿ. ಅದರ ಪ್ಲಾಟರ್‌ನಲ್ಲಿ (ಸಂಖ್ಯೆಗಳನ್ನು ಗೆರೆಯಾಗಿ ಬಿಡಿಸುವ ಕಿಟಕಿ) 500 ಬಿಂದು, ಅಂದರೆ ಎರಡು ಸೆಕೆಂಡಿನ ಗೆರೆ ಒಟ್ಟಿಗೆ ಕಾಣುತ್ತದೆ.

ಗೆರೆ ನಿಜವೇ?

ಎ0 ಕೊಡುವ ಸಂಖ್ಯೆಯಲ್ಲಿ ಹೇಳುವುದಾದರೆ ಗೆರೆ 340ರ ಆಸುಪಾಸಿನಲ್ಲಿ ನಿಂತು, ಅದರಿಂದ ಚೂಪು ಮುಳ್ಳುಗಳು ಏಳಬೇಕು. 0 ಅಥವಾ 675ರಲ್ಲಿ ಅಂಟಿಕೊಂಡಿದ್ದರೆ ಎಲ್ಲೋ ಎಲೆಕ್ಟ್ರೋಡ್ ಎದ್ದಿದೆ. ಮುಳ್ಳಿಗೆ ಮುಂಚೆ ಸಣ್ಣ ಉಬ್ಬು ಹೃತ್ಕರ್ಣದ್ದು, ಮುಳ್ಳು ಹೃತ್ಕುಕ್ಷಿಯದ್ದು, ನಂತರದ ಅಗಲ ಉಬ್ಬು ಹೃತ್ಕುಕ್ಷಿ ಮರಳಿ ಅಣಿಯಾಗುವಾಗಿನದು. ನಿಮಿಷಕ್ಕೆ 72 ಬಡಿತವಿದ್ದರೆ ಮುಳ್ಳಿನಿಂದ ಮುಳ್ಳಿಗೆ ಸುಮಾರು 208 ಬಿಂದು. ಮುಳ್ಳು ತಲೆಕೆಳಗಾಗಿದ್ದರೆ ಆರ್‌ಎ, ಎಲ್‌ಎ ಅದಲುಬದಲಾಗಿವೆ. ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿ: ಪ್ರತಿ ಮುಳ್ಳಿನ ಬೆನ್ನಿಗೇ ಬೆರಳಿಗೆ ಒಂದು ಬಡಿತ ಸಿಗಬೇಕು. ದೀರ್ಘವಾಗಿ ಉಸಿರೆಳೆದಾಗ ಮುಳ್ಳುಗಳು ಹತ್ತಿರವಾಗಿ, ಬಿಟ್ಟಾಗ ದೂರ ಸರಿಯುವುದು ಯುವಕರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇದನ್ನು ನೋಡಿ ಕಾಯಿಲೆ ತೀರ್ಮಾನಿಸಬೇಡಿ. ಆಸ್ಪತ್ರೆಯ ಇಸಿಜಿ ಹೃದಯವನ್ನು 12 ಕೋನಗಳಿಂದ ನೋಡುತ್ತದೆ, ಇಲ್ಲಿರುವುದು ಒಂದೇ ಕೋನ. ತೋಳಿನ ಸ್ನಾಯುವಿನ ವಿದ್ಯುತ್ ನೋಡಬೇಕೆಂದಿದ್ದರೆ ಇಎಂಜಿ (ಸ್ನಾಯುವಿನ ವಿದ್ಯುತ್ ಅಳೆಯುವ) ಬೋರ್ಡನ್ನೇ ಬೇರೆ ಕೊಳ್ಳಿ. ಈ ಬೋರ್ಡ್ 40 ಹರ್ಟ್ಸ್ ಮೇಲಿನದನ್ನು ಸೋಸಿ ತೆಗೆಯುತ್ತದೆ, ಸ್ನಾಯುವಿನ ಸಂಕೇತದ ಹೆಚ್ಚಿನ ಪಾಲು ಇರುವುದು ಅದರ ಮೇಲೆಯೇ.