ಪಾರ್ಸ್ನಿಪ್ ಪುಡಿಂಗ್: ನೀರು ಹೋದರೆ ಅರ್ಧ ಗೆದ್ದಂತೆ

ಪಾರ್ಸ್ನಿಪ್ಪನ್ನು ನೀರಿನಲ್ಲಿ ಕುದಿಸಬೇಡಿ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ನಾನು ಇಂಗ್ಲೆಂಡಿನ ಲೀಡ್ಸ್‌ಗೆ ಬಂದು 11 ಚಳಿಗಾಲ ಕಳೆದಿವೆ. ಪ್ರತಿ ಡಿಸೆಂಬರಿನಲ್ಲೂ ನಮ್ಮ ಕನ್ನಡದ ಗೆಳೆಯರಲ್ಲಿ ಯಾರಾದರೊಬ್ಬರು "ಈ ಸಲ ಇಲ್ಲಿಯವರ ಥರಾನೇ ಪುಡಿಂಗ್ ಮಾಡ್ತೀನಿ" ಅಂತ ಹೊರಡುತ್ತಾರೆ. ತಟ್ಟೆಗೆ ಮಗುಚಿದರೆ ಸುತ್ತ ನೀರು, ನಡುವೆ ಅಂಟಂಟು ಮುದ್ದೆ, ಬಾಯಿಗಿಟ್ಟರೆ ನಾರು. ತಿಂದವರು "ಚೆನ್ನಾಗಿದೆ, ಡಿಫರೆಂಟ್ ಆಗಿದೆ" ಎನ್ನುತ್ತಾರೆ. ಡಿಫರೆಂಟ್ ಅಂದರೆ ಏನರ್ಥ ಅಂತ ನಿಮಗೇ ಗೊತ್ತಲ್ವಾ. ಮೊದಲ ವರ್ಷ ಆ ಮಾತು ಕೇಳಿಸಿಕೊಂಡವಳು ನಾನೇ.

ಪಾರ್ಸ್ನಿಪ್ ನೋಡದವರಿಗೆ ಒಂದು ಮಾತು. ಬಿಳಿ ಕ್ಯಾರೆಟ್ ಅನ್ನಿ, ಆದರೆ ಮೇಲೆ ದಪ್ಪ, ಕೆಳಗೆ ಇಲಿ ಬಾಲದಷ್ಟು ಸಣ್ಣ. ಮೂಲಂಗಿ ಅಂದುಕೊಂಡು ಸಾಂಬಾರಿಗೆ ಹಾಕಿದವರನ್ನೂ ಕಂಡಿದ್ದೇನೆ. ಮೂಲಂಗಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕ್ಯಾರೆಟ್, ಕೊತ್ತಂಬರಿ, ಜೀರಿಗೆಯ ಬಳಗ. ಬೇಯುವಾಗ ಆ ಬಳಗದ ಘಮ ಮೂಗಿಗೆ ಬರುತ್ತದೆ. ರುಚಿ ಸಿಹಿ, ಹಿಂದೆಯೇ ಸಣ್ಣ ಖಾರದಂಥ ಒಗರು. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಯುರೋಪಿನ ಅಡುಗೆಮನೆಗಳು ಸಿಹಿಗೆ ಈ ಗೆಡ್ಡೆಯನ್ನೂ ನೆಚ್ಚಿಕೊಂಡಿದ್ದವು. ಎರಡನೇ ಮಹಾಯುದ್ಧದಲ್ಲಿ ಮತ್ತೆ ಅದೇ ಕಥೆ. 1940ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆ ರೇಷನ್‌ಗೆ ಬಂತು, ಅದೇ ವರ್ಷದ ಕೊನೆಗೆ ಬಾಳೆಹಣ್ಣಿನ ಆಮದೂ ನಿಂತಿತು. ಆಗ ತಾಯಂದಿರು ಪಾರ್ಸ್ನಿಪ್ ಬೇಯಿಸಿ, ಕಿವುಚಿ, ಬಾಳೆಹಣ್ಣಿನ ಎಸೆನ್ಸ್ ಬೆರೆಸಿ, ಬ್ರೆಡ್ಡಿಗೆ ಸವರಿ ಮಕ್ಕಳಿಗೆ "ಬಾಳೆಹಣ್ಣು" ಅಂತ ಕೊಡುತ್ತಿದ್ದರು. ನಾನೊಮ್ಮೆ ಮಾಡಿ ನೋಡಿದೆ. ಆ ಮಕ್ಕಳ ಬಗ್ಗೆ ಕನಿಕರ ಹುಟ್ಟಿತು.

ಇನ್ನು ಪುಡಿಂಗ್ ಅಂದರೆ ನಮ್ಮ ಕಣ್ಣಿಗೆ ಬರುವುದು ಮದುವೆ ಊಟದ ಕೊನೆಗೆ ಬಟ್ಟಲಲ್ಲಿ ಅಲ್ಲಾಡುವ ಹಳದಿ ಪದಾರ್ಥ. ಇಲ್ಲಿ ಹಾಗಲ್ಲ. ಹಬೆಯಲ್ಲಿ ಬೆಂದ ಕೇಕ್‌ನಂಥದ್ದೂ ಪುಡಿಂಗ್, ಒಲೆಯಲ್ಲಿ ಸುಟ್ಟ ಖಾರದ್ದೂ ಪುಡಿಂಗ್, ಊಟದ ಕೊನೆಗೆ ಬರುವ ಯಾವ ಸಿಹಿಯಾದರೂ ಪುಡಿಂಗ್. ಒಂದು ಕಿಲೋ ಪಾರ್ಸ್ನಿಪ್ ತಂದರೆ ಒಂದು ಸಿಹಿ, ಒಂದು ಖಾರ, ಎರಡೂ ಆಗುತ್ತವೆ. ಹಾಗಾಗಿ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ಮೊದಲು: ಕೊಳ್ಳುವುದು

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಂಜು ಬಿದ್ದು ನೆಲ ತಣ್ಣಗಾದ ಮೇಲೆ ಗೆಡ್ಡೆಯೊಳಗಿನ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ಸೆಪ್ಟೆಂಬರಿನಲ್ಲಿ ಕೊಂಡದ್ದು ಸಪ್ಪೆ. ಕ್ರಿಸ್ಮಸ್ ಹಿಂದಿನ ವಾರ ಇಲ್ಲಿಯ ಸೂಪರ್‌ಮಾರ್ಕೆಟ್‌ಗಳು ಪೈಪೋಟಿಗೆ ಬಿದ್ದು ಕೆಲವೇ ಪೆನ್ನಿ ಕಾಸಿಗೆ ಒಂದು ಚೀಲ ಕೊಡುತ್ತವೆ. ಆಗ ಆಸೆಬುರುಕರಾಗಿ ಐದು ಚೀಲ ತರಬೇಡಿ, ಒಳಗೆ ಮೆತ್ತಗಾದವು ಇರುತ್ತವೆ. ಬಗ್ಗಿಸಿದರೆ ಬಗ್ಗುವ ಪಾರ್ಸ್ನಿಪ್ ಬೇಡ. ನಡುಬೆರಳಿನಷ್ಟೋ ಹೆಬ್ಬೆರಳಿನಷ್ಟೋ ದಪ್ಪ ಇದ್ದರೆ ಉತ್ತಮ. ಮಣಿಕಟ್ಟಿನಷ್ಟು ದಪ್ಪದವನ್ನು ಅಲ್ಲೇ ಬಿಟ್ಟುಬನ್ನಿ.

ಹೆಚ್ಚಿಟ್ಟ ಪ್ಯಾಕೆಟ್ಟು ಬೇಡ, ಅದರ ಅಂಚು ಆಗಲೇ ಕಂದು ತಿರುಗಿರುತ್ತದೆ. ಫ್ರೀಜರಿನಲ್ಲಿ ಸಿಗುವ ಹುರಿಯುವ ಪಾರ್ಸ್ನಿಪ್ಪಂತೂ ಬೇಡವೇ ಬೇಡ. ಬಹಳಷ್ಟಕ್ಕೆ ಹಿಟ್ಟು ಎಣ್ಣೆ ಸವರಿರುತ್ತಾರೆ.

ಎರಡನೆಯದು: ನಾರು ತೆಗೆಯುವುದು

ಸಿಪ್ಪೆ ತೆಳ್ಳಗೆ ಹೆರೆಯಿರಿ. ಉದ್ದಕ್ಕೆ ನಾಲ್ಕು ಸೀಳು ಮಾಡಿ. ಪ್ರತಿ ಸೀಳಿನ ಒಳಮೂಲೆಯಲ್ಲಿ ಸ್ವಲ್ಪ ಬೇರೆ ಬಣ್ಣದ, ಗಟ್ಟಿಯಾದ ದಿಂಡು ಕಾಣುತ್ತದೆ. ಚಾಕುವನ್ನು ಓರೆ ಮಾಡಿ ಒಂದೇ ಎಳೆತಕ್ಕೆ ಅದನ್ನು ತೆಗೆದುಹಾಕಿ. ಸಣ್ಣ, ಎಳೆಯ ಗೆಡ್ಡೆಯಲ್ಲಿ ಇದು ಬೇಕಿಲ್ಲ. ಚಾಕು ಇಳಿಯುವಾಗ ಕಿರ್ರೆಂದರೆ ಮಾತ್ರ ಬೇಕೇ ಬೇಕು. "ಬೆಂದ ಮೇಲೆ ಮೆತ್ತಗಾಗತ್ತೆ ಬಿಡು" ಅನ್ನುವವರು ಸುಮ್ನೆ ಹೇಳುತ್ತಾರೆ, ಆಗುವುದಿಲ್ಲ. ಬಲಿತ ನುಗ್ಗೆಕಾಯಿಯ ಸಿಪ್ಪೆ ಎಷ್ಟು ಬೆಂದರೆ ಮೆತ್ತಗಾದೀತು?

ತೆಗೆದ ದಿಂಡನ್ನು ಎಸೆಯಬೇಡಿ, ಸಾರಿನ ನೀರಿಗೆ ಹಾಕಿ ಕುದಿಸಿ ಸೋಸಿಕೊಳ್ಳಿ. ಹೆಚ್ಚಿದ್ದು ಕಪ್ಪಾಗುತ್ತದೆಂದು ಗಂಟೆಗಟ್ಟಲೆ ನಿಂಬೆ ನೀರಿನಲ್ಲಿ ನೆನೆಹಾಕುವುದೂ ಬೇಡ. ಹೆಚ್ಚಿದ ತಕ್ಷಣ ಬೇಯಲು ಇಟ್ಟರಾಯಿತು.

ಮೂರನೆಯದು: ಬೇಯಿಸಿ ಒಣಗಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಪಾರ್ಸ್ನಿಪ್ ಹತ್ತಿಯ ಹಾಗೆ ನೀರು ಕುಡಿಯುತ್ತದೆ. ಕುದಿಯುವ ನೀರಿಗೆ ಹಾಕಿದರೆ ಅದರ ಸಕ್ಕರೆ ನೀರಿಗೆ ಹೋಗುತ್ತದೆ, ನೀರು ಅದರೊಳಗೆ ಬರುತ್ತದೆ. ಆಮೇಲೆ ಮೈದಾ ಜಾಸ್ತಿ ಹಾಕಿ ಸರಿ ಮಾಡಲು ಹೋದರೆ ಪುಡಿಂಗ್ ಗೋಡೆಗೆ ಹೊಡೆದರೆ ವಾಪಸ್ ಬರುವಂತಾಗುತ್ತದೆ. ಅದಕ್ಕೇ ಹಬೆಯಲ್ಲಿ ಬೇಯಿಸಿ. ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ ಇರುವ ನಮಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಆದರೂ ಇಂಗ್ಲಿಷ್ ಅಡುಗೆ ಅಂದ ಕೂಡಲೇ ಯಾಕೋ ಎಲ್ಲರೂ ದೊಡ್ಡ ಪಾತ್ರೆಯಲ್ಲಿ ನೀರು ಇಡುತ್ತಾರೆ.

ಹೆಬ್ಬೆರಳಿನ ಗೆಣ್ಣಿನಷ್ಟು ತುಂಡು ಮಾಡಿ, ತೂತಿನ ತಟ್ಟೆಯಲ್ಲಿ ಹರಡಿ, 15ರಿಂದ 20 ನಿಮಿಷ ಹಬೆ ಕೊಡಿ. ಚಾಕುವಿನ ತುದಿ ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು. ಅರ್ಧ ಬೆಂದರೆ ಆಮೇಲೆ ಎಷ್ಟು ಕಿವುಚಿದರೂ ಗಂಟು ಉಳಿಯುತ್ತದೆ.

ಬೆಂದದ್ದನ್ನು ಬಿಸಿಯಿರುವಾಗಲೇ ಜರಡಿಯ ಮೇಲೆ ಸೌಟಿನ ಬೆನ್ನಿನಿಂದ ಒತ್ತಿ ಇಳಿಸಿ. ಕೈ ನೋಯುತ್ತದೆ, ನಿಜ. ಮಿಕ್ಸಿಗೆ ಹಾಕಿದರೆ ಅರ್ಧ ನಿಮಿಷದ ಕೆಲಸ, ಅದೂ ನಿಜ. ಆದರೆ ಮಿಕ್ಸಿಯಲ್ಲಿ ಸ್ವಲ್ಪ ಜಾಸ್ತಿ ತಿರುಗಿದರೆ ಪೋಸ್ಟರ್ ಅಂಟಿಸುವ ಗೋಂದು ಸಿದ್ಧ. ಹಾಕಲೇಬೇಕಿದ್ದರೆ ನಿಲ್ಲಿಸಿ ನಿಲ್ಲಿಸಿ, ನಾಲ್ಕೈದು ಸಲ ಮಾತ್ರ ತಿರುಗಿಸಿ. ಗಂಟಿರುವ ಪುಡಿಂಗನ್ನಾದರೂ ತಿನ್ನಬಹುದು.

ಈಗ ಮುಖ್ಯ ಕೆಲಸ. ದಪ್ಪ ತಳದ ಬಾಣಲೆಗೆ ಆ ತಿರುಳನ್ನು ಸುರಿದು, ಎಣ್ಣೆ ಬೆಣ್ಣೆ ಏನೂ ಹಾಕದೆ, ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ಕೈಬಿಡದೆ ಕೆದಕಿ. ಮೊದಲು ಹಬೆ ಧಾರಾಳವಾಗಿ ಏಳುತ್ತದೆ. ಎರಡು ಮೂರು ನಿಮಿಷಕ್ಕೆ ಪಚಪಚ ಸದ್ದು ನಿಲ್ಲುತ್ತದೆ. ಆರೇಳು ನಿಮಿಷಕ್ಕೆ ಹಲ್ವದ ಹಾಗೆ ತಳ ಬಿಡತೊಡಗುತ್ತದೆ. ಸೌಟಿನಿಂದ ನಡುವೆ ಗೆರೆ ಎಳೆಯಿರಿ. ಗೆರೆ ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ. ಹಾಗೆಯೇ ನಿಂತರೆ ಇಳಿಸಿ. ಸೌಟು ನೆಟ್ಟಗೆ ನಿಲ್ಲುವವರೆಗೆ ಕಾಯಬೇಕಿಲ್ಲ, ಅಷ್ಟು ಹೊತ್ತಿಗೆ ತಳ ಹಿಡಿದು ಕಹಿಯಾಗಿರುತ್ತದೆ. ಬಣ್ಣ ಬಿಳಿಯಿಂದ ದಂತದ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ, ಹಾಗೇ ಆಗಬೇಕು.

ಅಗಲವಾದ ತಟ್ಟೆಗೆ ಹರಡಿ ಪೂರ್ತಿ ಆರಿಸಿ. ಮುಚ್ಚಳ ಮುಚ್ಚಬೇಡಿ! ಮುಚ್ಚಿದರೆ ನೀವು ಬೆವರು ಸುರಿಸಿ ಓಡಿಸಿದ ನೀರು ಮುಚ್ಚಳದಿಂದ ಮತ್ತೆ ತೊಟ್ಟಿಕ್ಕುತ್ತದೆ. ಒಂದು ಕಿಲೋಗೆ ಸುಮಾರು 550 ಗ್ರಾಂ ತಿರುಳು ಸಿಗುತ್ತದೆ. ಸಿಹಿಗೆ 200 ಗ್ರಾಂ ತೆಗೆದಿಟ್ಟು ಉಳಿದದ್ದು ಖಾರಕ್ಕೆ. ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿ ಇಟ್ಟರೂ ಆಗುತ್ತದೆ, ನಾನು ಹಾಗೇ ಮಾಡುವುದು.

ಸಿಹಿ ಪುಡಿಂಗ್

ಇದಕ್ಕೆ 1.1 ಲೀಟರಿನ ಪುಡಿಂಗ್ ಬೋಗುಣಿ ಬೇಕು. ಇಲ್ಲದಿದ್ದರೆ ಅಷ್ಟೇ ಅಳತೆಯ ಸ್ಟೀಲ್ ಡಬ್ಬಿಯೂ ನಡೆಯುತ್ತದೆ. ಒಳಗೆ ಬೆಣ್ಣೆ ಸವರಿ, ತಳಕ್ಕೆ ಮೂರು ದೊಡ್ಡ ಚಮಚ ಗೋಲ್ಡನ್ ಸಿರಪ್ ಹಾಕಿ. ಜೋನಿ ಬೆಲ್ಲ ಇದ್ದರೆ ಸಿರಪ್ ಯಾಕೆ? ಊರಿಂದ ಬರುವಾಗ ಒಂದು ಡಬ್ಬಿ ತಂದಿಟ್ಟುಕೊಳ್ಳಿ. ಪಾರ್ಸ್ನಿಪ್ಪಿನ ಒಗರಿಗೆ ಬೆಲ್ಲ ಕೂಡಿ ಬರುವಷ್ಟು ಸಿರಪ್ ಕೂಡಿ ಬರುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

100 ಗ್ರಾಂ ಮೆತ್ತನೆಯ ಬೆಣ್ಣೆ, 100 ಗ್ರಾಂ ಕಂದು ಸಕ್ಕರೆ ಸೇರಿಸಿ ನೊರೆಯಂತೆ ತಿಕ್ಕಿ. ಎರಡು ಮೊಟ್ಟೆಯನ್ನು ಒಂದೊಂದಾಗಿ ಬೆರೆಸಿ. 200 ಗ್ರಾಂ ತಿರುಳು, ಒಂದು ಕಿತ್ತಳೆಯ ಸಿಪ್ಪೆಯ ತುರಿ, ಒಂದು ಚಮಚ ಒಣಶುಂಠಿ ಪುಡಿ, ಕಾಲು ಜಾಯಿಕಾಯಿ ತೇಯ್ದು ಹಾಕಿ. ಡಬ್ಬಿಯಲ್ಲಿ ಪುಡಿ ಮಾಡಿ ಮಾರುವ ಜಾಯಿಕಾಯಿ ಮರದ ಹೊಟ್ಟಿಗೆ ಸಮ, ದುಡ್ಡು ದಂಡ. ಕೊನೆಗೆ 175 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು, ಚಿಟಿಕೆ ಉಪ್ಪು ಹಾಕಿ ಹಗುರವಾಗಿ ಕಲಸಿ. ಊರಿನಲ್ಲಿ ಮಾಡುವವರು ಮೈದಾಕ್ಕೆ ಎರಡು ಚಮಚ ಬೇಕಿಂಗ್ ಪೌಡರ್ ಸೇರಿಸಿಕೊಳ್ಳಿ. ಬೋಗುಣಿಯ ಮೇಲೆ ಎರಡು ಬೆರಳು ಜಾಗ ಉಳಿಯಬೇಕು.

ಹಳೆಯ ಪುಡಿಂಗ್‌ಗಳಿಗೆ ಬೆಣ್ಣೆಯ ಬದಲು ಸೂಯೆಟ್ ಹಾಕುತ್ತಾರೆ. ಅದು ದನ ಅಥವಾ ಕುರಿಯ ಮೂತ್ರಪಿಂಡದ ಸುತ್ತಲಿನ ಕೊಬ್ಬು. ತರಕಾರಿ ಸೂಯೆಟ್ ಅಂತಲೂ ಸಿಗುತ್ತದೆ, ಆದರೆ ತಿಂದ ಮೇಲೆ ಅಂಗುಳಿನಲ್ಲಿ ಮೇಣದ ಹಾಗೆ ಕೂರುತ್ತದೆ. ಬೆಣ್ಣೆಯೇ ಸಾಕು. ಅಂಗಡಿಯಲ್ಲಿ ಸಿದ್ಧ ಪುಡಿಂಗ್ ಕೊಳ್ಳುವ ಸಸ್ಯಾಹಾರಿಗಳು ಮಾತ್ರ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿಯೇ ಕೊಳ್ಳಿ.

ಮುಚ್ಚುವ ಕ್ರಮ ಹೀಗೆ. ಬೇಕಿಂಗ್ ಪೇಪರಿನ ಮೇಲೆ ಫಾಯಿಲ್ ಇಟ್ಟು, ಎರಡನ್ನೂ ಸೇರಿಸಿ ನಡುವೆ ಸೀರೆಯ ಹಾಗೆ ಒಂದು ನೆರಿಗೆ ಹಿಡಿಯಿರಿ. ಪುಡಿಂಗ್ ಉಬ್ಬಿದಾಗ ನೆರಿಗೆ ಬಿಚ್ಚಿಕೊಳ್ಳುತ್ತದೆ. ನೆರಿಗೆ ಇಲ್ಲದಿದ್ದರೆ ಹಾಳೆ ಹರಿದು ನೀರು ಒಳಗೆ. ಬೋಗುಣಿಯ ಕಂಠಕ್ಕೆ ದಾರ ಬಿಗಿದು, ಎತ್ತಲು ಮೇಲಿಂದ ದಾರದ್ದೇ ಒಂದು ಹಿಡಿ ಕಟ್ಟಿ. ಹಿಡಿ ಕಟ್ಟದೆ ಕುದಿಯುವ ನೀರಿನಿಂದ ಬೋಗುಣಿ ಎತ್ತಲು ಹೋದ ನನ್ನ ಯಜಮಾನರ ಬೆರಳಿನ ಗುರುತು ಇನ್ನೂ ಹೋಗಿಲ್ಲ.

ದೊಡ್ಡ ಪಾತ್ರೆಯ ತಳಕ್ಕೆ ಒಂದು ಸಣ್ಣ ತಟ್ಟೆ ಬೋರಲು ಹಾಕಿ, ಅದರ ಮೇಲೆ ಬೋಗುಣಿ ಇಡಿ. ಅರ್ಧದವರೆಗೆ ಬಿಸಿನೀರು, ಮೇಲೆ ಮುಚ್ಚಳ, ಒಂದೂಮುಕ್ಕಾಲು ಗಂಟೆ ಸಣ್ಣ ಕುದಿ. ಕುಕ್ಕರ್ ಆದರೆ ಇಡ್ಲಿಗೆ ಮಾಡಿದ ಹಾಗೆ ವೆಯ್ಟ್ ಹಾಕಬೇಡಿ. ಒಂದು ನಾಣ್ಯ ನೀರಿಗೆ ಹಾಕಿಡಿ. ಅದು ಲಟಲಟ ಅನ್ನುವುದು ನಿಂತರೆ ನೀರು ಮುಗಿಯಿತೆಂದು ಅರ್ಥ. ಗಣೇಶ ಹಬ್ಬದ ಕಡುಬಿಗೆ ಅಮ್ಮ ಇದೇ ಉಪಾಯ ಮಾಡುತ್ತಿದ್ದರು. ಮೇಲಿಂದ ಸುರಿಯುವ ನೀರೂ ಕುದಿಯುವ ನೀರೇ ಆಗಿರಲಿ, ತಣ್ಣೀರು ಸುರಿದರೆ ಪುಡಿಂಗ್ ಕುಸಿಯುತ್ತದೆ.

ಇಳಿಸಿ ಹತ್ತು ನಿಮಿಷ ಬಿಟ್ಟು ಮಗುಚಿ. ಜೊತೆಗೆ ಬಿಸಿ ಕಸ್ಟರ್ಡ್. ಬರ್ಡ್ಸ್ ಪೌಡರ್ ಸಾಕು, ನಾಚಿಕೆ ಬೇಡ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಅದನ್ನು ಮಾಡಿದ್ದೇ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ ಅಂತ. ಪುಡಿಂಗನ್ನೂ ಮೊಟ್ಟೆಯಿಲ್ಲದೆ ಮಾಡಬೇಕಿದ್ದರೆ ಎರಡು ಮೊಟ್ಟೆಗೆ ಬದಲು ಅರ್ಧ ಬಟ್ಟಲು ಗಟ್ಟಿ ಮೊಸರು, ಕಾಲು ಚಮಚ ಅಡುಗೆ ಸೋಡಾ ಹಾಕಿ. ಸ್ವಲ್ಪ ಭಾರ ಬರುತ್ತದೆ, ರುಚಿಗೆ ಮೋಸವಿಲ್ಲ.

ಖಾರದ ಪುಡಿಂಗ್

ಇದು ಸುಲಭ. ಒಂದು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿ. ಉಳಿದ 350 ಗ್ರಾಂ ತಿರುಳಿಗೆ ಆ ಈರುಳ್ಳಿ, ಎರಡು ಮೊಟ್ಟೆ, 100 ಮಿಲಿ ಹಾಲು, 50 ಗ್ರಾಂ ಬ್ರೆಡ್ ಪುಡಿ, 100 ಗ್ರಾಂ ತುರಿದ ಚೆಡ್ಡಾರ್ ಚೀಸ್, ಒಂದು ಚಮಚ ಇಂಗ್ಲಿಷ್ ಸಾಸಿವೆ, ಉಪ್ಪು, ಹೊಸದಾಗಿ ಕುಟ್ಟಿದ ಮೆಣಸು ಸೇರಿಸಿ. ಬೆಣ್ಣೆ ಸವರಿದ ಪಾತ್ರೆಗೆ ಸುರಿದು 180 ಡಿಗ್ರಿಯ ಓವನ್‌ನಲ್ಲಿ 35ರಿಂದ 40 ನಿಮಿಷ. ಅಂಚು ಕೆಂಪಗಾಗಿ, ನಡುವೆ ಸ್ವಲ್ಪವೇ ಅಲ್ಲಾಡಬೇಕು.

ಚೀಸ್ ಗಟ್ಟಿ ತಂದು ನೀವೇ ತುರಿಯಿರಿ. ತುರಿದು ಮಾರುವುದಕ್ಕೆ ಅಂಟದಿರಲೆಂದು ಆಲೂಗಡ್ಡೆ ಹಿಟ್ಟು ಸವರಿರುತ್ತಾರೆ, ಕರಗುವಾಗ ಅದು ಮರಳು ಮರಳಾಗುತ್ತದೆ. ಮೊಟ್ಟೆ ಬಿಟ್ಟು ಇದನ್ನು ಮಾಡಲು ಮೂರು ಸಲ ನೋಡಿದೆ. ಮೂರು ಸಲವೂ ಪಲ್ಯ ಆಯಿತು.

ಕರಿ ಪೌಡರ್ ಹಾಕಲೇಬೇಡಿ. ಇಲ್ಲಿಯವರು ಪಾರ್ಸ್ನಿಪ್ ಸೂಪಿಗೆ ಹಾಕುತ್ತಾರೆ, ಅವರ ಪಾಡಿಗೆ ಅವರಿರಲಿ. ನಮ್ಮ ನಾಲಿಗೆಗೆ ಬೇಕೇ ಬೇಕು ಅನ್ನಿಸಿದರೆ ಓವನ್ನಿಂದ ತೆಗೆದ ಮೇಲೆ ತುಪ್ಪದಲ್ಲಿ ಸಾಸಿವೆ, ಕರಿಬೇವು, ಒಂದು ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಮೇಲೆ ಸುರಿಯಿರಿ. ಪಕ್ಕದ ಮನೆಯ ಅಜ್ಜಿ ಮೊದಲ ಸಲ ಅದನ್ನು ನೋಡಿ ಕರಿಬೇವನ್ನೆಲ್ಲ ಆರಿಸಿ ತಟ್ಟೆಯಂಚಿಗೆ ಸಾಲಾಗಿ ಇಟ್ಟರು. ಈ ವರ್ಷ ಒಗ್ಗರಣೆ ಮರೆತೆ. "ಆ ಚಟಪಟ ಅನ್ನೋದು ಎಲ್ಲಿ?" ಅಂತ ಕೇಳಿದರು.