ಮಹಿಳಾ ರಬ್ಬಿಗಳ ಕುರಿತು ಅಭಿಪ್ರಾಯ ಬರೆಯುವ ಮುನ್ನ

ಯೆಹೂದಿ ಧರ್ಮದಲ್ಲಿ ಮಹಿಳೆಯರು ರಬ್ಬಿಗಳು, ಅಂದರೆ ಧರ್ಮಗುರುಗಳು, ಆಗುವುದನ್ನು ಸಮರ್ಥಿಸಿಯೋ ವಿರೋಧಿಸಿಯೋ ಬರೆಯಹೊರಟವರು, ತಾವು ಯಾವ ಪಂಥದ ವಿಚಾರ ಹೇಳುತ್ತಿದ್ದೇವೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಎಲ್ಲ ಯೆಹೂದಿಗಳೂ ತಲೆಬಾಗುವ ಒಂದೇ ಧರ್ಮಪೀಠವೆಂಬುದು ಇಲ್ಲ. ಅಮೆರಿಕದ ಸುಧಾರಣಾವಾದಿ ರಿಫಾರ್ಮ್ ಪಂಥವು 1972ರಲ್ಲಿ ಸ್ಯಾಲಿ ಪ್ರೀಸ್ಯಾಂಡ್ ಅವರಿಗೆ, ಮಧ್ಯಮಮಾರ್ಗದ ಕನ್ಸರ್ವೇಟಿವ್ ಪಂಥವು 1985ರಲ್ಲಿ ಏಮಿ ಐಲ್‌ಬರ್ಗ್ ಅವರಿಗೆ ರಬ್ಬಿ ದೀಕ್ಷೆ ನೀಡಿದವು. ಸಂಪ್ರದಾಯನಿಷ್ಠ ಆರ್ಥೊಡಾಕ್ಸ್ ಪಂಥದ ಬಹುಪಾಲು ಸಂಸ್ಥೆಗಳು ಇಂದಿಗೂ ಒಪ್ಪಿಲ್ಲ. ‘ಯೆಹೂದಿ ಧರ್ಮ ಇದನ್ನು ಒಪ್ಪುತ್ತದೆ’ ಎಂದೋ ‘ಒಪ್ಪುವುದಿಲ್ಲ’ ಎಂದೋ ಬರೆದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ.

ಮುಂದಿನ ಕೆಲಸವೇ ಹೆಚ್ಚು ಶ್ರಮದ್ದು: ರಬ್ಬಿ ಮಾಡುವ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಯೆಹೂದಿ ಧರ್ಮಗ್ರಂಥವಾದ ತೋರಾದ ಪಾಠ ಹೇಳುವುದು, ಧರ್ಮಶಾಸ್ತ್ರವಾದ ಹಲಾಖಾದ ಪ್ರಶ್ನೆಗಳಿಗೆ ಉತ್ತರಿಸುವುದು, ಪ್ರಾರ್ಥನೆ ನಡೆಸುವುದು, ಸಾಕ್ಷಿಯಾಗುವುದು, ಇವೆಲ್ಲಕ್ಕೂ ಶಾಸ್ತ್ರದಲ್ಲಿ ಬೇರೆ ಬೇರೆ ನಿಯಮಗಳಿವೆ. ಆರ್ಥೊಡಾಕ್ಸ್ ಮದುವೆಯೊಂದನ್ನೇ ತೆಗೆದುಕೊಳ್ಳಿ. ಕೆತುಬಾ ಎಂಬ ವಿವಾಹಪತ್ರಕ್ಕೆ ಸಾಕ್ಷಿಗಳಾಗಿ ಸಹಿ ಹಾಕುವವರು ಇಬ್ಬರು ಪುರುಷರೇ ಆಗಿರಬೇಕು. ಆದರೆ ಅದೇ ಪತ್ರವನ್ನು ಮಂಟಪದಡಿ ಗಟ್ಟಿಯಾಗಿ ಓದುವ ಕೆಲಸಕ್ಕೆ ಅಂಥ ಕಟ್ಟಳೆಯಿಲ್ಲವೆಂದು ಕೆಲವು ಕಡೆ ವಿದುಷಿಯರಿಗೆ ಅದನ್ನು ಒಪ್ಪಿಸುತ್ತಾರೆ. ಜೆರುಸಲೇಮಿನ ನಿಶ್ಮತ್ ಸಂಸ್ಥೆಯಲ್ಲಿ ತರಬೇತಾದ ಮಹಿಳೆಯರು ದಾಂಪತ್ಯ ಶುದ್ಧಿಯ ನಿಯಮಗಳ ಬಗ್ಗೆ ಮಾರ್ಗದರ್ಶನ ನೀಡುತ್ತಾರೆ, ರಬ್ಬಿ ಎನಿಸಿಕೊಳ್ಳದೆಯೇ. ವಿವಾದದ ಗಂಟು ಎಷ್ಟೋ ಬಾರಿ ಕೆಲಸದಲ್ಲಿಲ್ಲ, ಪದವಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನ್ಯೂಯಾರ್ಕಿನಲ್ಲಿ 2009ರಲ್ಲಿ ‘ಮಹರತ್’ (ಹಲಾಖಾ ಬಲ್ಲ ಧಾರ್ಮಿಕ ನಾಯಕಿ) ಎಂಬ ಪದವಿ ಪಡೆದ ಸಾರಾ ಹರ್ವಿಟ್ಸ್ ಅವರನ್ನು ಮರುವರ್ಷ ರಬ್ಬಿ ಪದದ ಸ್ತ್ರೀಲಿಂಗ ರೂಪವಾದ ‘ರಬ್ಬಾ’ ಎಂದು ಕರೆಯಲಾರಂಭಿಸಿದಾಗಲೇ ಪ್ರತಿಭಟನೆ ಜೋರಾದದ್ದು.

ವಿರೋಧಿಗಳ ವಾದವನ್ನು ಅದರ ಅತ್ಯಂತ ಗಟ್ಟಿಯಾದ ರೂಪದಲ್ಲಿ ಎದುರಿಸಿ. ಅದು ಬರಿಯ ಹಟವೆಂದು ತಳ್ಳಿಹಾಕುವವರು, ಸಮುದಾಯದ ಅಧಿಕಾರ ಸ್ಥಾನಗಳಿಗೆ ಪುರುಷರನ್ನಷ್ಟೇ ನೇಮಿಸಬೇಕೆಂಬ, ಮಧ್ಯಯುಗದ ಯೆಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡಿಸ್‌ನ ವಿಧಿಯನ್ನು ಓದಿರುವುದಿಲ್ಲ. ಇಂದಿನ ರಬ್ಬಿಯ ಹುದ್ದೆ ಅಂಥ ಅಧಿಕಾರ ಸ್ಥಾನವೇ, ಅಥವಾ ಸಮುದಾಯವೇ ಒಪ್ಪಿ ಗೊತ್ತುಮಾಡಿಕೊಂಡ ವಿದ್ವಾಂಸರ ಸೇವೆಯೇ ಎಂಬುದರ ಮೇಲೆ ನಿಮ್ಮ ಲೇಖನ ನಿಲ್ಲಲಿ. ನಾನು ಎರಡನೆಯದನ್ನು ಒಪ್ಪುತ್ತೇನೆ, ಏಕೆಂದರೆ ಸಮುದಾಯವು ತನ್ನ ರಬ್ಬಿಯನ್ನು ತಾನೇ ಆರಿಸುತ್ತದೆ, ಬೇಡವೆನಿಸಿದರೆ ಬದಲಿಸುತ್ತದೆ.

‘ಮೊತ್ತಮೊದಲ’ ಎಂದು ಬರೆಯುವಾಗ ಎಚ್ಚರವಿರಲಿ. ರೆಜಿನಾ ಯೋನಾಸ್ ಅವರು 1935ರಲ್ಲೇ ಜರ್ಮನಿಯಲ್ಲಿ ದೀಕ್ಷೆ ಪಡೆದಿದ್ದರು. ಮಹಿಳೆ ರಬ್ಬಿಯಾಗಬಹುದೇ ಎಂಬ ತಮ್ಮ ಪ್ರಬಂಧದಲ್ಲಿ ಅವರು ಆಧುನಿಕ ಸಮಾನತೆಯ ಮಾತನ್ನಷ್ಟೇ ನೆಚ್ಚದೆ ಹಲಾಖಾದ ಗ್ರಂಥಗಳಿಂದಲೇ ಉತ್ತರ ಹುಡುಕಿದರು. 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಅವರ ಹತ್ಯೆಯಾಯಿತು. ಬರ್ಲಿನ್ ಗೋಡೆ ಬಿದ್ದ ನಂತರ ಪೂರ್ವ ಜರ್ಮನಿಯ ದಾಖಲೆಗಳು ತೆರೆದುಕೊಂಡಾಗಲೇ ಅವರ ಹೆಸರು ಮತ್ತೆ ವ್ಯಾಪಕವಾಗಿ ತಿಳಿದದ್ದು. ಆದ್ದರಿಂದ ಪ್ರೀಸ್ಯಾಂಡ್ ಅವರನ್ನು ಅಮೆರಿಕದ ಮೊದಲ ಮಹಿಳಾ ರಬ್ಬಿ ಎಂದಷ್ಟೇ ಬರೆಯಿರಿ.