ಖಾರ ಬೇಡ, ಸಪ್ಪೆಯೂ ಬೇಡ

ದಕ್ಷಿಣ ಕೊರಿಯಾದ ಸುವೋನ್‌ಗೆ ಬಂದ ಹೊಸದರಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಕೊರಿಯನ್ ಮಾತು ಎರಡೇ. ಒಂದು ನಮಸ್ಕಾರ, ಇನ್ನೊಂದು "ಮೆವೊಯೊ?" ಅಂದರೆ, ಖಾರನಾ? ಒಂದು ಸಂಜೆ ರಸ್ತೆ ಬದಿಯ ಗಾಡಿಯಲ್ಲಿ ಕೆಂಪು ಗೊಜ್ಜಿನಲ್ಲಿ ಕುದಿಯುತ್ತಿದ್ದ ಅಕ್ಕಿ ತುಂಡುಗಳ ತಿಂಡಿ ತೊಕ್‌ಬೊಕ್ಕಿ ತೋರಿಸಿ ಅದನ್ನೇ ಕೇಳಿದೆ. ಗಾಡಿಯಾಕೆ ನಕ್ಕು "ಖಾರ ಇಲ್ಲ" ಅಂದರು. ಬಣ್ಣ ನೋಡಿ ಬ್ಯಾಡಗಿ ಅಂದುಕೊಂಡೆ, ತಿಂದ ಮೇಲೆ ಗುಂಟೂರು ಅಂತ ಗೊತ್ತಾಯಿತು. ನಾಲ್ಕು ವರ್ಷದ ಮಗಳ ಕಿವಿಯೆಲ್ಲ ಕೆಂಪಾಯಿತು. ಬಾಳೆಹಣ್ಣಿನ ಹಾಲಿನ ಎರಡು ಬಾಟಲಿ ಖಾಲಿಯಾದ ಮೇಲೇ ಅಳು ನಿಂತಿದ್ದು.

ಆದರೆ ಆ ಅಕ್ಕಿ ತುಂಡಿನ ರುಚಿ ಅವಳ ನಾಲಿಗೆಗೆ ಹತ್ತಿಬಿಟ್ಟಿತ್ತು. "ಬಿಳೀದು ಮಾಡಿಕೊಡು" ಅಂತ ದಿನಾ ಹಟ.

ತೊಕ್ ಅಂದರೆ ಅಕ್ಕಿಯಲ್ಲಿ ಮಾಡಿದ ಕಡುಬಿನಂಥ ತಿಂಡಿಗಳಿಗೆಲ್ಲ ಇರುವ ಹೆಸರು. ತೊಕ್‌ಬೊಕ್ಕಿಗೆ ಹಾಕುವುದು ಉದ್ದನೆಯ ಬಿಳಿ ಕೊಳವೆಯಂಥದ್ದು, ಗಾರೆತೊಕ್. ಅಕ್ಕಿ ನೆನೆಸಿ, ಹಿಟ್ಟು ಮಾಡಿ, ಹಬೆಯಲ್ಲಿ ಬೇಯಿಸಿ, ಯಂತ್ರದಲ್ಲಿ ಒತ್ತಿ ತೆಗೆಯುತ್ತಾರೆ. ಅಮ್ಮ ಹಾಸನದಿಂದ ಬಂದಿದ್ದಾಗ ಫ್ರಿಜ್‌ನಲ್ಲಿದ್ದ ಪ್ಯಾಕೆಟ್ ನೋಡಿ, "ಇದೇನೇ, ಶಾವಿಗೆಗೆ ಬೇಯಿಸಿದ ಹಿಟ್ಟನ್ನ ಒತ್ತದೇ ಹಂಗೇ ಇಟ್ಟಿದ್ದೀಯಲ್ಲ?" ಅಂದರು. ಒತ್ತಿದ್ದಾರಮ್ಮ, ಇವರ ಅಚ್ಚಿನ ತೂತು ದೊಡ್ಡದು ಅಷ್ಟೇ ಅಂದೆ.

ಖಾರ ಇಲ್ಲದ ತೊಕ್‌ಬೊಕ್ಕಿ ಅಂದರೆ ಗೊಚುಜಾಂಗ್ ಅನ್ನೋ ಕೆಂಪು ಮೆಣಸಿನ ಪೇಸ್ಟ್ ಹಾಕದಿದ್ದರೆ ಆಯಿತು, ಅಲ್ವಾ? ನಾನೂ ಹಾಗೇ ಮಾಡಿದೆ. ಉಳಿದದ್ದೆಲ್ಲ ಅದೇ, ಗೊಚುಜಾಂಗ್ ಒಂದೇ ಇಲ್ಲ. ಬಂದದ್ದು ಬಿಳಿ ನೀರಲ್ಲಿ ತೇಲುವ ರಬ್ಬರ್. ಆಮೇಲೆ ಹೊಳೆಯಿತು: ಗೊಚುಜಾಂಗ್ ಬರೀ ಖಾರ ಅಲ್ಲ. ಅದರಲ್ಲಿ ಮೆಣಸಿನ ಪುಡಿ ಜೊತೆ ಹುದುಗು ಬರಿಸಿದ ಸೋಯಾ, ಅಂಟಕ್ಕಿ, ಉಪ್ಪು, ಸಿಹಿ ಎಲ್ಲ ಇದೆ. ಅದನ್ನು ಬಿಟ್ಟರೆ ಗೊಜ್ಜಿನ ಮಂದ, ಉಪ್ಪು, ಸಿಹಿ, ಹುಳಿಬಂದ ಘಮ ಎಲ್ಲವೂ ಒಟ್ಟಿಗೆ ಹೋಗುತ್ತೆ. ತೊಕ್‌ಗಂತೂ ಸ್ವಂತ ರುಚಿ ಕಡಿಮೆ. ರುಚಿಯನ್ನು ಒಳಗೆ ಬಿಟ್ಟುಕೊಳ್ಳುವುದೂ ನಿಧಾನ.

ದಾರಿ ತೋರಿಸಿದ್ದು ಪಕ್ಕದ ಮನೆ ಅಜ್ಜಿ. ಕೆಂಪು ತೊಕ್‌ಬೊಕ್ಕಿ ನಿನ್ನೆ ಮೊನ್ನೆಯದು, ಹಳೆಯದು ಸೋಯಾ ಸಾಸ್‌ನದು ಅಂತ ಅವರ ವಾದ. ನಿಜವೇ. ಮೆಣಸಿನಕಾಯಿ ಕೊರಿಯಾಕ್ಕೆ ಬಂದದ್ದೇ 16ನೇ ಶತಮಾನದ ಕೊನೆಯ ಹೊತ್ತಿಗೆ ಅನ್ನುತ್ತಾರೆ. ಕೆಂಪು ತೊಕ್‌ಬೊಕ್ಕಿಯನ್ನು ಮಾ ಬೊಕ್ ರಿಮ್ ಎಂಬಾಕೆ ರಾಜಧಾನಿ ಸೋಲ್‌ನ ಸಿಂದಾಂಗ್‌ದಾಂಗ್‌ನಲ್ಲಿ 1953ರಲ್ಲಿ ಮಾರಲು ಶುರು ಮಾಡಿದರು ಅಂತ ಹೇಳುತ್ತಾರೆ. ಸೋಯಾ ಸಾಸ್, ತರಕಾರಿ, ದನದ ಮಾಂಸ ಹಾಕಿ ಮಾಡುವುದಕ್ಕೆ ಗುಂಗ್‌ಜುಂಗ್ ತೊಕ್‌ಬೊಕ್ಕಿ, ಅಂದರೆ ಅರಮನೆಯ ತೊಕ್‌ಬೊಕ್ಕಿ ಅಂತ ಹೆಸರು. ನಮ್ಮದು ಮಾಂಸ ತಿನ್ನದ ಮನೆ. ಆ ಜಾಗಕ್ಕೆ ನಾನು ಅಣಬೆ ಜಾಸ್ತಿ ಹಾಕುತ್ತೇನೆ.

ಅಜ್ಜಿ ಮೊದಲು ಕೈಗೆ ತೆಗೆದುಕೊಂಡದ್ದು ಪ್ಯಾಕೆಟ್. ಅಂಗಡಿಯಲ್ಲಿ ಗೋಧಿ ಹಿಟ್ಟಿನ ತೊಕ್ ಕೂಡ ಸಿಗುತ್ತೆ, ನೋಡೋಕೆ ಒಂದೇ ಥರ. 'ಸಲ್' ಅಂತ ಬರೆದಿದ್ದರೆ ಅಕ್ಕಿ, 'ಮಿಲ್' ಅಂತಿದ್ದರೆ ಗೋಧಿ. ಆಮೇಲೆ ತೊಕ್ಕನ್ನು ಬೆಚ್ಚಗಿನ ನೀರಿಗೆ ಹಾಕಿ ಇಪ್ಪತ್ತು ನಿಮಿಷ ಬಿಟ್ಟರು. ಫ್ರಿಜ್‌ನಲ್ಲಿಟ್ಟ ತೊಕ್ ನಮ್ಮ ತಂಗಳು ಕಡುಬಿನ ಹಾಗೆ ಕಲ್ಲಾಗಿರುತ್ತೆ, ಹಾಗೇ ಬಾಣಲೆಗೆ ಹಾಕಿದರೆ ಹೊರಗೆ ಬೆಂದು ಒಳಗೆ ಗಟ್ಟಿ. ಬಾಗಿಸಿದರೆ ಮುರಿಯದೆ ಬಾಗಬೇಕು, ಅಲ್ಲಿವರೆಗೆ ನೆನೆಯಲಿ.

ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, 300 ಗ್ರಾಂ ತೊಕ್‌ಗೆ ಒಂದು ಟೀ ಚಮಚ ಸೋಯಾ ಸಾಸ್, ಒಂದು ಟೀ ಚಮಚ ಎಳ್ಳೆಣ್ಣೆ ಹಾಕಿ ಕೈಯಲ್ಲೇ ಸವರಿದರು. ನನ್ನ ಅಡುಗೆ ಬದಲಾಗಿದ್ದು ಇಲ್ಲೇ. ಗೊಜ್ಜಿಗೆ ಬೀಳುವ ಮೊದಲೇ ತೊಕ್‌ಗೆ ರುಚಿ ಹಿಡಿಯಬೇಕು. ಹತ್ತು ನಿಮಿಷದಲ್ಲಿ ಬಿಳಿ ತುಂಡು ತೆಳು ಕಂದು ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತೆ. ಈರುಳ್ಳಿ, ಕ್ಯಾರೆಟ್, ಶಿಟಾಕೆ ಅಣಬೆಯನ್ನು ಬೇರೆಯಾಗಿ ಬಾಡಿಸಿ, ತೊಕ್ ಸೇರಿಸಿ, ಅರ್ಧ ಲೋಟ ಸಾರು, ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್, ಒಂದು ಚಮಚ ಸಕ್ಕರೆ, ಜಜ್ಜಿದ ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಬಿಡಿ. ತೊಕ್‌ನ ಗಂಜಿಯೇ ಬಿಟ್ಟುಕೊಂಡು ಗೊಜ್ಜು ಮಂದವಾಗುತ್ತೆ. ಕೊನೆಗೆ ಹುರಿದ ಎಳ್ಳು.

ಸಾರಿನ ಬಗ್ಗೆ ಒಂದು ಮಾತು. ಇಲ್ಲಿ ಎಲ್ಲದಕ್ಕೂ ಒಣ ಸಣ್ಣ ಮೀನಿನ ಸಾರು. ನಾನು ದಾಶಿಮಾ ಅನ್ನೋ ಕಡಲ ಪಾಚಿಯ ಅಂಗೈಯಷ್ಟು ತುಂಡು, ಎರಡು ಒಣ ಅಣಬೆ ಅರ್ಧ ಗಂಟೆ ನೆನೆಸಿ ಕಾಯಿಸುತ್ತೇನೆ. ಕುದಿ ಬಂದ ಕೂಡಲೇ ಪಾಚಿ ತೆಗೆಯಬೇಕು, ಇಲ್ಲವಾದರೆ ಲೋಳೆ.

ಅಜ್ಜಿ ಇಲ್ಲದೆ ನಾನೊಬ್ಬಳೇ ಮಾಡಿದ ದಿನ ಉಪ್ಪು ಬಾಯಿಗಿಡಲು ಆಗಲಿಲ್ಲ. ಅಳತೆ ಸರಿಯಾಗಿತ್ತು, ತಪ್ಪಿದ್ದು ಬಾಟಲಿ. ಕೊರಿಯಾದಲ್ಲಿ ಸೋಯಾ ಸಾಸ್ ಒಂದೇ ಥರ ಅಲ್ಲ. 'ಗುಕ್‌ಗಾಂಜಾಂಗ್' ಸಾರಿಗೆ ಹಾಕುವುದು. ಬಣ್ಣ ತೆಳು, ಉಪ್ಪು ಜಾಸ್ತಿ. ತೊಕ್‌ಬೊಕ್ಕಿಗೆ ಬೇಕಾದ್ದು 'ಜಿನ್‌ಗಾಂಜಾಂಗ್'. ತೆಳು ಬಣ್ಣ ಇದ್ದದ್ದಕ್ಕೆ ಉಪ್ಪೂ ಕಡಿಮೆ ಇರಬೇಕು ಅಂದುಕೊಂಡದ್ದು ನನ್ನ ಜಾಣತನ.

ಸೋಲ್‌ನ ತೊಂಗಿನ್ ಸಂತೆಯಲ್ಲಿ ಗೊಜ್ಜೇ ಇಲ್ಲದೆ ದೊಡ್ಡ ಕಾವಲಿಯ ಮೇಲೆ ಎಣ್ಣೆಯಲ್ಲಿ ಬಾಡಿಸಿ ಕೊಡುತ್ತಾರೆ. ಅಲ್ಲೂ ಎರಡು ಥರ, ಖಾರದ್ದು ಮತ್ತು ಸೋಯಾ ಸಾಸ್‌ನದು. ತಿಂದು ಬಂದು ಮನೆಯಲ್ಲಿ ಮಾಡಹೋದೆ. ಒರೆಸದ ತೊಕ್, ಜೋರು ಉರಿ. ಒಂದು ತುಂಡು ಪಟಾಕಿಯಂತೆ ಸಿಡಿದು ಎಣ್ಣೆ ಮುಂಗೈಗೆ ಬಿತ್ತು. ಈಗ ಒಣಗಿಸಿ, ಎರಡೇ ಚಮಚ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಮುಚ್ಚಳ ಕೈಯಲ್ಲಿ ಹಿಡಿದೇ ನಿಲ್ಲುತ್ತೇನೆ.

ಹಾಲು, ಚೀಸ್ ಹಾಕಿದ್ದೂ ಮಾಡಿದ್ದೇನೆ. ಮಗಳಿಗೆ ಇಷ್ಟ, ನನಗೆ ಮೂರನೇ ತುತ್ತಿಗೇ ಮುಖ ಕಟ್ಟುತ್ತೆ. 'ರೋಸೆ' ಅಂತ ಮಾರುವ ಗುಲಾಬಿ ಬಣ್ಣದ್ದರಲ್ಲಿ ಗೊಚುಜಾಂಗ್ ಇರುತ್ತೆ, ಮಕ್ಕಳಿಗೆ ಕೊಡುವ ಮುಂಚೆ ನೀವೇ ರುಚಿ ನೋಡಿ.

ಖಾರದ ಗೋಜೇ ಇಲ್ಲದ್ದು ತೊಕ್ಕುಕ್. ತೊಕ್ಕನ್ನು ಓರೆಯಾಗಿ ಬಿಲ್ಲೆ ಕತ್ತರಿಸಿ ತಿಳಿ ಸಾರಿನಲ್ಲಿ ಕುದಿಸುವುದು. ಬಿಲ್ಲೆಗಳು ಮೇಲೆ ತೇಲಿದವು ಅಂದರೆ ಬೆಂದವು ಅಂತ ಲೆಕ್ಕ. ಗುಕ್‌ಗಾಂಜಾಂಗ್ ಇಲ್ಲಿ ಸರಿಯಾದ ಜಾಗಕ್ಕೆ ಬರುತ್ತೆ, ಒಂದೇ ಚಮಚ ಸಾಕು. ಚಾಂದ್ರಮಾನದ ಹೊಸ ವರ್ಷ ಸೊಲ್ಲಾಲ್ ದಿನ ಇದನ್ನು ಒಂದು ಬಟ್ಟಲು ತಿಂದರೆ ಒಂದು ವಯಸ್ಸು ಹೆಚ್ಚುತ್ತೆ ಅನ್ನುತ್ತಾರೆ. ನಮ್ಮವಳು ಎರಡು ಬಟ್ಟಲು ತಿಂದು "ನಂಗೀಗ ಆರು" ಅಂತ ಪಕ್ಕದ ಮನೆ ಅಜ್ಜಿಗೆ ಲೆಕ್ಕ ಒಪ್ಪಿಸಿದಳು. "ನಂಗೆ ಬೇಡಪ್ಪ" ಅಂತ ಅವರು ತಮ್ಮ ಬಟ್ಟಲನ್ನು ಅವಳ ಕಡೆಗೇ ತಳ್ಳಿದರು.

ಅಮ್ಮ ಇದ್ದಷ್ಟು ದಿನ ತೊಕ್‌ಬೊಕ್ಕಿ ಒಂದೇ ಸಲ ತಿಂದದ್ದು. ಉಳಿದ ಪ್ಯಾಕೆಟ್ಟನ್ನು ಬೇಯಿಸಿ, ಡಬ್ಬಿಯ ತೆಂಗಿನ ಹಾಲು, ಊರಿಂದ ತಂದ ಬೆಲ್ಲ, ಏಲಕ್ಕಿ ಹಾಕಿ ಕಾಯಿಹಾಲಿಗೆ ಬಿಟ್ಟರು. ಒಂದು ಬಟ್ಟಲು ಪಕ್ಕದ ಮನೆಗೂ ಹೋಯಿತು. ಸಂಜೆ ಬಟ್ಟಲು ವಾಪಸ್ ಬಂದಾಗ ಅದರಲ್ಲಿ ಹಿಟ್ಟಿನ ಗಿರಣಿಯಿಂದ ಆಗ ತಾನೇ ತಂದ ಬಿಸಿ ಗಾರೆತೊಕ್ ಇತ್ತು.